ಕೆರೆತ ಮೈಮೇಲೆ, ಕಾರಣ ಬೇಲಿ ಪಕ್ಕ



ಇವತ್ತು ರಾಜಕೀಯ ಬೇಡ. ಯಾರು ಯಾರಿಗೆ ಏನಂದ್ರು, ಯಾರು ಯಾವ ಪಾರ್ಟಿಗೆ ಹೋಗ್ತಾರೆ ಅನ್ನೋ ಲೆಕ್ಕವನ್ನು ನಾಳೆ ನೋಡೋಣ. ಇವತ್ತು ಮಾತಾಡಬೇಕಿರೋದು ಸೀನಿನ ಬಗ್ಗೆ, ಕೆರೆತದ ಬಗ್ಗೆ. ನಗಬೇಡಿ. ರಾತ್ರಿ ಎರಡು ಗಂಟೆಗೆ ಎದ್ದು ಕೂತು ಕತ್ತು ಕೆರೆದುಕೊಳ್ಳೋ ಹೆಣ್ಣುಮಗಳಿಗೆ, ಬೆಳಿಗ್ಗೆ ಎದ್ದ ಕೂಡಲೇ ಇಪ್ಪತ್ತು ಸಲ ಸೀನಿ ಸುಸ್ತಾಗೋ ಸ್ಕೂಲ್ ಹುಡುಗನಿಗೆ ಇದು ತಮಾಷೆಯ ವಿಷಯ ಅಲ್ಲ.

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ. ಈ ನಾಲ್ಕರಲ್ಲಿ ಯಾವುದಾದರೂ ಊರಿನ ಬಸ್ ಸ್ಟ್ಯಾಂಡ್ ಪಕ್ಕದ ಮೆಡಿಕಲ್ ಸ್ಟೋರ್ ಮುಂದೆ ಸಂಜೆ ಹೊತ್ತು ಅರ್ಧ ಗಂಟೆ ನಿಂತ್ಕೊಳ್ಳಿ. "ಅಣ್ಣಾ, ಅಲರ್ಜಿ ಮಾತ್ರೆ ಎರಡು ಕೊಡಿ." "ಅದೇ, ಹೋದ್ಸಲ ಕೊಟ್ರಲ್ಲ, ಆ ಟ್ಯೂಬು ಕೊಡಿ." ಚೀಟಿ ಇಲ್ಲ, ಡಾಕ್ಟರ್ ಇಲ್ಲ, ಏನು ಅಲರ್ಜಿ ಅನ್ನೋ ಪ್ರಶ್ನೆಯೂ ಇಲ್ಲ. ಮಾತ್ರೆ ನುಂಗಿದ ರಾತ್ರಿ ನಿದ್ದೆ ಬರುತ್ತೆ. ನಾಲ್ಕು ದಿನ ಬಿಟ್ಟು ಮತ್ತೆ ಅದೇ ಅಂಗಡಿ, ಅದೇ ಮಾತ್ರೆ. ಹೀಗೆ ಐದು ವರ್ಷ, ಹತ್ತು ವರ್ಷ.

ನಾನು ಓದಿದ್ದು ಇಂಜಿನಿಯರಿಂಗ್, ವೈದ್ಯ ಅಲ್ಲ. ಆದರೆ ಇಂಜಿನಿಯರಿಂಗ್‌ನಲ್ಲಿ ಮೊದಲ ವರ್ಷವೇ ಕಲಿಸೋ ಒಂದು ಪಾಠ ಇಲ್ಲಿ ಕೆಲಸಕ್ಕೆ ಬರುತ್ತೆ. ಮನೆಯಲ್ಲಿ ಫ್ಯೂಸ್ ಪದೇ ಪದೇ ಹೋಗ್ತಾ ಇದ್ರೆ ದಪ್ಪ ತಂತಿ ಸುತ್ತಿ ಕೂರಬೇಡಿ, ಎಲ್ಲಿ ಶಾರ್ಟ್ ಆಗ್ತಿದೆ ಅಂತ ಹುಡುಕಿ. ಅಲರ್ಜಿ ಮಾತ್ರೆ ಅಂದ್ರೆ ಹೆಚ್ಚುಕಡಿಮೆ ಆ ದಪ್ಪ ತಂತಿ ಇದ್ದ ಹಾಗೆ. ದೇಹ ಹಿಸ್ಟಮಿನ್ ಅನ್ನೋ ರಾಸಾಯನಿಕ ಬಿಟ್ಟು ಗಲಾಟೆ ಮಾಡುತ್ತೆ, ಮಾತ್ರೆ ಆ ಗಲಾಟೆಯನ್ನ ತಡೆಯುತ್ತೆ. ಗಲಾಟೆಗೆ ಕಾರಣವಾದ ವಸ್ತು ಮಾತ್ರ ಹಾಗೇ ಇರುತ್ತೆ. ಮೂಗಿನಲ್ಲಿ, ಚರ್ಮದ ಮೇಲೆ, ಮಲಗೋ ಕೋಣೆಯಲ್ಲಿ ಇರುತ್ತೆ. ಅದನ್ನು ಹುಡುಕದೆ ಅಲರ್ಜಿ ವಾಸಿಯಾಗಲಿ ಅಂದ್ರೆ ಹೇಗೆ ಆಗುತ್ತೆ?

ಹುಡುಕೋದು ಎಲ್ಲಿಂದ? ನಮ್ಮ ಕಡೆ ಎಲ್ಲರೂ ಮೊದಲು ಹೋಗೋದು ಅಡುಗೆಮನೆಗೆ. "ಬದನೆಕಾಯಿ ನಂಜು, ತಿನ್ನಬೇಡ." "ಮೊಟ್ಟೆ ಬಿಡು, ಮೀನು ಬಿಡು, ಕಡಲೆಕಾಯಿ ಬಿಡು." ಬಿಟ್ಟಿದ್ದೇ ಬಂತು, ಕೆರೆತ ಹೋಗಲಿಲ್ಲ. ಹಾಗಂತ ಅಜ್ಜಿ ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ. ಬದನೆಕಾಯಿಯಲ್ಲಿ ಸ್ವಾಭಾವಿಕವಾಗಿಯೇ ಹಿಸ್ಟಮಿನ್ ಇದೆ. ಮೈಸೂರಿನ ಸಿಎಫ್‌ಟಿಆರ್‌ಐ ವಿಜ್ಞಾನಿಗಳು ಮೈಸೂರಿನ ಜನರಲ್ಲೇ ಬದನೆ ಅಲರ್ಜಿಯ ಬಗ್ಗೆ ಅಧ್ಯಯನ ಮಾಡಿ 2008ರಲ್ಲಿ ಪ್ರಕಟಿಸಿದರು. ನಿಜವಾದ ಬದನೆ ಅಲರ್ಜಿ ಇದ್ದವರು ನೂರಕ್ಕೆ ಒಬ್ಬರಿಗಿಂತ ಕಡಿಮೆ. ಅಂದ್ರೆ ಬದನೆ ಅಲರ್ಜಿ ಇದೆ, ಆದರೆ ಊರಿಗೆಲ್ಲ ಇಲ್ಲ.

ಇನ್ನೂ ದೊಡ್ಡ ಲೆಕ್ಕ ಒಂದಿದೆ. ಕರ್ನಾಟಕದ ಹನ್ನೊಂದು ಸಾವಿರಕ್ಕೂ ಹೆಚ್ಚು ವಯಸ್ಕರನ್ನು ಪ್ರಶ್ನಿಸಿ, ಅವರಲ್ಲಿ ಕೆಲವು ನೂರು ಜನರ ರಕ್ತ ಪರೀಕ್ಷೆ ಮಾಡಿದ ಒಂದು ಅಧ್ಯಯನ 2016ರಲ್ಲಿ ಪ್ರಕಟವಾಯ್ತು. ಯಾವುದಾದರೂ ಒಂದು ಆಹಾರಕ್ಕೆ ರಕ್ತದಲ್ಲಿ 'ಪಾಸಿಟಿವ್' ಕಾಣಿಸಿಕೊಂಡವರ ಪ್ರಮಾಣ ಶೇ. 26.5. ಆ ಆಹಾರ ತಿಂದಾಗ ನಿಜವಾಗಿಯೂ ತೊಂದರೆಯಾಗುವವರು ಎಷ್ಟು? ಶೇ. 1.2 ಮಾತ್ರ. ಈ ಎರಡು ಅಂಕಿಗಳ ನಡುವಿನ ಅಂತರ ನೋಡಿ. ಸಾವಿರಾರು ರೂಪಾಯಿ ಕೊಟ್ಟು ದೊಡ್ಡ ಅಲರ್ಜಿ ಪ್ಯಾಕೇಜ್ ಮಾಡಿಸಿ, ರಿಪೋರ್ಟಿನಲ್ಲಿ ಹದಿನೈದು ಪದಾರ್ಥದ ಮುಂದೆ ಪಾಸಿಟಿವ್ ಅಂತ ಬಂದರೆ, ಹದಿನೈದನ್ನೂ ಬಿಡಬೇಕು ಅಂತಲ್ಲ. ತಿಂದಾಗ ಏನೂ ಆಗದಿದ್ದರೆ ಅದು ನಿಮ್ಮ ಶತ್ರು ಅಲ್ಲ. ಬೆಳೆಯೋ ಮಗುವಿನ ತಟ್ಟೆಯಿಂದ ಮೊಟ್ಟೆ, ಹಾಲು, ಕಡಲೆಬೀಜ ಮೂರನ್ನೂ ತೆಗೆದರೆ ಅಲರ್ಜಿಗಿಂತ ದೊಡ್ಡ ನಷ್ಟ ಆಗುತ್ತೆ.

ಹಾಗಾದ್ರೆ ಹೇಗೆ ಹುಡುಕೋದು? ಮೂರು ಪ್ರಶ್ನೆ ಸಾಕು. ಯಾವಾಗ? ಮೈಮೇಲೆ ಎಲ್ಲಿ? ಇನ್ಯಾರಿಗೆ?

ಮೊದಲನೆಯದು, ಯಾವಾಗ. ಇಲ್ಲೊಂದು ಸೂಕ್ಷ್ಮ ಇದೆ. ಅಲರ್ಜಿಯಲ್ಲಿ ಎರಡು ಜಾತಿ. ಒಂದು ಅವಸರದ್ದು. ನಾವು ಪಿತ್ತಗಂಧೆ ಅಂತೀವಲ್ಲ, ದಡಬಡ ಎದ್ದು ಮಾಯವಾಗೋ ದದ್ದು, ಜೊತೆಗೆ ಸೀನು, ಕಣ್ಣು ಕೆರೆತ. ಇವು ಕಾರಣ ಮುಟ್ಟಿದ, ತಿಂದ, ಉಸಿರಾಡಿದ ಕೆಲವೇ ನಿಮಿಷದಿಂದ ಎರಡು ಗಂಟೆಯೊಳಗೆ ಶುರುವಾಗುತ್ತವೆ. ಇನ್ನೊಂದು ನಿಧಾನದ್ದು. ಚರ್ಮ ಕೆಂಪಾಗಿ, ದಪ್ಪವಾಗಿ, ನೀರಾಡಿ, ಹೊಪ್ಪಳೆ ಏಳೋದು. ಇದು ಕಾರಣ ತಾಗಿದ ಒಂದು ದಿನದಿಂದ ಮೂರು ದಿನದ ನಂತರ ಕಾಣಿಸಿಕೊಳ್ಳುತ್ತೆ. ನಾವು ಮಾಡೋದು ಏನು? ಇವತ್ತು ಕೆರೆದರೆ ಇವತ್ತಿನ ಮಧ್ಯಾಹ್ನದ ಸಾರನ್ನ ಬೈತೀವಿ. ಆದರೆ ಚರ್ಮದ ಇಂಥ ಕೆರೆತಕ್ಕೆ ಕಾರಣ ಮೊನ್ನೆ ಕಳೆ ಕಿತ್ತ ಹೊಲದಲ್ಲಿ ಇರಬಹುದು.

ಎರಡನೆಯದು, ಎಲ್ಲಿ. ಮೈ ಒಂದು ನಕ್ಷೆ ಇದ್ದ ಹಾಗೆ, ಓದೋದು ಕಲೀಬೇಕು. ಕಿವಿ ಹಾಲೆ, ಮಣಿಕಟ್ಟಿನಲ್ಲಿ ಮಾತ್ರ ಕೆರೆತ ಇದ್ದರೆ ರೋಲ್ಡ್ ಗೋಲ್ಡ್ ಓಲೆ, ವಾಚಿನ ಪಟ್ಟಿಯಲ್ಲಿರೋ ನಿಕ್ಕಲ್ ಮೇಲೆ ಅನುಮಾನ. ಹುಬ್ಬಿನ ನಡುವೆ ಕೆರೆದು ಬೆಳ್ಳಗಾಗ್ತಿದ್ರೆ ಸ್ಟಿಕ್ಕರ್ ಬೊಟ್ಟಿನ ಅಂಟು. ಹಣೆಯ ಅಂಚು, ಕಿವಿಯ ಹಿಂದೆ, ಮೀಸೆಯ ಜಾಗ ಅಂದ್ರೆ ತಲೆಗೆ ಹಚ್ಚೋ ಕಪ್ಪು ಡೈ. ಪಾದದ ಮೇಲೆ ಚಪ್ಪಲಿ ಪಟ್ಟಿಯದೇ ಆಕಾರದಲ್ಲಿ ದದ್ದು ಬಂದರೆ ಚಪ್ಪಲಿಯ ರಬ್ಬರ್. ಗಾರೆ ಕೆಲಸದವರ ಕೈ ಒಡೆದು ಕೆರೆದರೆ ಸಿಮೆಂಟು. ಇನ್ನು ಮುಖ, ಕಣ್ಣಿನ ರೆಪ್ಪೆ, ಕತ್ತಿನ ಸುತ್ತ, ಮೊಣಕೈಯ ಒಳಮಡಿಕೆ, ಅಂದ್ರೆ ಅಂಗಿ ಮುಚ್ಚದ ಮತ್ತು ಬೆವರು ನಿಲ್ಲೋ ಜಾಗದಲ್ಲೆಲ್ಲ ಕೆರೆತ ಇದ್ದರೆ? ಅದು ಗಾಳಿಯಲ್ಲಿ ತೇಲಿ ಬಂದಿದ್ದು. ಅದರ ಹೆಸರು ಆಮೇಲೆ ಹೇಳ್ತೀನಿ, ಆದರೆ ನಿಮಗೆ ಗೊತ್ತಾಗಿರುತ್ತೆ.

ಮೂರನೆಯದು, ಇನ್ಯಾರಿಗೆ. ಮನೆಯಲ್ಲಿ ನಾಲ್ಕು ಜನಕ್ಕೂ ಕೆರೆತ, ರಾತ್ರಿ ಹೊತ್ತು ಜಾಸ್ತಿ, ಬೆರಳ ಸಂದಿನಲ್ಲಿ, ಹೊಕ್ಕಳ ಸುತ್ತ ಗುಳ್ಳೆ ಅಂದ್ರೆ ಅದು ಅಲರ್ಜಿ ಅಲ್ಲ, ಕಜ್ಜಿ. ಚರ್ಮದೊಳಗೆ ಹುಳ ಗೂಡು ಮಾಡಿರುತ್ತೆ. ಅದಕ್ಕೆ ಬೇರೆ ಔಷಧಿ ಇದೆ, ಮನೆಮಂದಿಯೆಲ್ಲ ಒಂದೇ ದಿನ ಹಚ್ಚಬೇಕು. ಎರಡು ವಾರ ದಾಟಿದ ಕೆಮ್ಮನ್ನು "ಧೂಳಿನ ಅಲರ್ಜಿ" ಅಂತ ಬಿಡಬೇಡಿ. ಕಫ ಪರೀಕ್ಷೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಕ್ಷಯ ಅಲ್ಲ ಅಂತ ಖಾತ್ರಿ ಮಾಡಿಕೊಂಡು ಮುಂದಿನದು ನೋಡಿ.

ಈಗ ನಮ್ಮ ನಾಲ್ಕು ತಾಲ್ಲೂಕಿಗೆ ಬರೋಣ. ಸಾಲಿಗ್ರಾಮ, ಸರಗೂರು ಈಗ ಬೇರೆ ತಾಲ್ಲೂಕು, ಆದರೂ ಈ ಮಾತು ಅಲ್ಲಿಗೂ ಸೇರಿದ್ದೇ. ಇಲ್ಲಿ ಅನುಮಾನ ಪಡಬೇಕಾದವರ ಪಟ್ಟಿಯಲ್ಲಿ ಮೊದಲ ಹೆಸರು, ಆಗಲೇ ಹೇಳದೆ ಬಿಟ್ಟ ಹೆಸರು, ಕಾಂಗ್ರೆಸ್ ಗಿಡ. ಪಾರ್ಥೇನಿಯಂ. ರಸ್ತೆ ಬದಿ, ಶಾಲೆ ಕಾಂಪೌಂಡು, ಖಾಲಿ ಸೈಟು, ತಿಪ್ಪೆ ಪಕ್ಕ, ಬೇಲಿ ಸಾಲು, ಎಲ್ಲಿ ಇಲ್ಲ ಹೇಳಿ. ಅಮೆರಿಕ ಖಂಡದ ಈ ಗಿಡ ನಮ್ಮ ದೇಶದಲ್ಲಿ 1950ರ ದಶಕದಲ್ಲಿ ಪುಣೆಯಲ್ಲಿ ಕಣ್ಣಿಗೆ ಬಿತ್ತು. ಆಮದು ಗೋಧಿಯ ಜೊತೆ ಬಂತು ಅಂತ ಜನ ಹೇಳ್ತಾರೆ. ಒಂದೊಂದು ಗಿಡ ಹದಿನೈದು ಇಪ್ಪತ್ತು ಸಾವಿರ ಬೀಜ ಉದುರಿಸುತ್ತೆ. ಇದನ್ನು ತಿನ್ನಲಿ ಅಂತ ಮೆಕ್ಸಿಕೋದಿಂದ ಒಂದು ಜೀರುಂಡೆಯನ್ನು ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ಮಳೆಗಾಲದಲ್ಲಿ ಇವತ್ತಿಗೂ ಆ ಹುಳ ಎಲೆ ತಿಂತಾ ಇರುತ್ತೆ. ತಿಂದು ಮುಗಿಸೋಕೆ ಮಾತ್ರ ಅದರಿಂದ ಆಗಿಲ್ಲ.

ಈ ಗಿಡದ ಮೈಮೇಲಿನ ಸಣ್ಣ ರೋಮಗಳಲ್ಲಿ ಪಾರ್ಥೆನಿನ್ ಅನ್ನೋ ರಾಸಾಯನಿಕ ಇದೆ. ಗಿಡ ಒಣಗಿ ಪುಡಿಯಾದ ಮೇಲೂ ಆ ಪುಡಿ ಗಾಳಿಯಲ್ಲಿ ಹಾರಿ ಮುಖಕ್ಕೆ, ಕತ್ತಿಗೆ ಕೂರುತ್ತೆ. ಹೂವಿನ ಪರಾಗ ಮೂಗಿಗೆ ಹೋದರೆ ಸೀನು, ಉಬ್ಬಸ. "ಚಿಕ್ಕಂದಿನಿಂದ ಈ ಗಿಡದ ಮಧ್ಯೆನೇ ಓಡಾಡಿದ್ದೀನಿ, ಏನೂ ಆಗಿಲ್ಲ" ಅಂತ ಹೇಳೋರು ಇದ್ದಾರೆ. ಅಲರ್ಜಿಯ ಸ್ವಭಾವವೇ ಹಾಗೆ. ವರ್ಷಗಟ್ಟಲೆ ಸುಮ್ಮನಿದ್ದು, ಒಂದು ದಿನ ದೇಹ ಅದನ್ನು ಶತ್ರು ಅಂತ ಗುರುತಿಸಿಬಿಡುತ್ತೆ. ಒಮ್ಮೆ ಗುರುತಿಸಿದ ಮೇಲೆ ಸುಲಭಕ್ಕೆ ಮರೆಯಲ್ಲ.

ಇನ್ನೊಂದು ವಿಷಯ, ವಿಶೇಷವಾಗಿ ಹೆಣ್ಣುಮಕ್ಕಳಿಗೆ. ಕಾಂಗ್ರೆಸ್ ಗಿಡ, ಸೇವಂತಿಗೆ, ಸೂರ್ಯಕಾಂತಿ, ಇವೆಲ್ಲ ಒಂದೇ ಸಸ್ಯ ಕುಟುಂಬ. ಒಂದಕ್ಕೆ ಆಗದವರಿಗೆ ಇನ್ನೊಂದಕ್ಕೂ ಆಗದೇ ಇರಬಹುದು. ಹಬ್ಬದ ಹಿಂದೆಮುಂದೆ ಕತ್ತಿನ ಹಿಂಭಾಗದಲ್ಲಿ ಕೆರೆತ ಜಾಸ್ತಿಯಾಯ್ತಾ? ಮುಡಿಗೆ ಸೇವಂತಿಗೆ ಮುಡಿದಿದ್ರಾ ನೆನಪು ಮಾಡಿಕೊಳ್ಳಿ. ಮಲ್ಲಿಗೆ ಮುಡಿದು ನೋಡಿ, ವ್ಯತ್ಯಾಸ ತಿಳಿಯುತ್ತೆ.

ಪಟ್ಟಿಯಲ್ಲಿ ಎರಡನೆಯದು ಹೊಗೆಸೊಪ್ಪು. ಈ ನಾಲ್ಕು ತಾಲ್ಲೂಕು ದೇಶದ ವರ್ಜೀನಿಯಾ ತಂಬಾಕಿನ ದೊಡ್ಡ ಸೀಮೆ. ತಂಬಾಕು ಮಂಡಳಿಯ ಹರಾಜು ಕಟ್ಟೆಗಳು ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರ, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಅಂತ ಸಾಲಾಗಿ ಇವೆ. ಮೇ ತಿಂಗಳಲ್ಲಿ ನಾಟಿ, ಜುಲೈನಿಂದ ಸೊಪ್ಪು ಮುರಿಯೋದು, ಕಡ್ಡಿಗೆ ಕಟ್ಟೋದು, ಬ್ಯಾರನ್‌ಗೆ ಏರಿಸೋದು. ಆಮೇಲೆ ಮನೆಯೊಳಗೆ ಕೂತು ಗ್ರೇಡಿಂಗ್. ಈ ಒಂದೊಂದು ಹಂತಕ್ಕೂ ಒಂದೊಂದು ತೊಂದರೆ ಇದೆ.

ಬೆಳಗಿನ ಇಬ್ಬನಿಯಲ್ಲಿ, ಮಳೆಯಲ್ಲಿ ಒದ್ದೆ ಸೊಪ್ಪು ಮುರಿದು ಕಂಕುಳಲ್ಲಿ ಅವುಚಿಕೊಂಡು ಬರ್ತಾರಲ್ಲ, ಮಧ್ಯಾಹ್ನದ ಹೊತ್ತಿಗೆ ಕೆಲವರಿಗೆ ತಲೆ ಸುತ್ತು, ವಾಂತಿ, ತಲೆನೋವು. "ಹೊಗೆಸೊಪ್ಪು ನನಗೆ ಅಲರ್ಜಿ" ಅಂತಾರೆ. ಅದು ಅಲರ್ಜಿ ಅಲ್ಲ ವೀಕ್ಷಕರೇ. ಅದು ವಿಷ. ಎಲೆಯ ನಿಕೋಟಿನ್ ನೀರಿನಲ್ಲಿ ಕರಗಿ, ಚರ್ಮದ ಮೂಲಕ ರಕ್ತಕ್ಕೆ ಸೇರಿರುತ್ತೆ. ಅಮೆರಿಕದ ಫ್ಲಾರಿಡಾದಲ್ಲಿ 1970ರಲ್ಲೇ ವೈದ್ಯರು ಇದನ್ನು ಗುರುತಿಸಿದ್ರು. ಹಸಿರು ತಂಬಾಕು ಕಾಯಿಲೆ ಅಂತ ಇದಕ್ಕೆ ಹೆಸರೇ ಇದೆ. ಬೀಡಿ ಮುಟ್ಟದ ಹೆಣ್ಣುಮಗಳ ಮೈಗೂ ನಿಕೋಟಿನ್ ಹೋಗುತ್ತೆ. ಇದಕ್ಕೆ ಅಲರ್ಜಿ ಮಾತ್ರೆ ನುಂಗಿದ್ರೆ ಪ್ರಯೋಜನ ಇಲ್ಲ. ಇಬ್ಬನಿ ಆರಿದ ಮೇಲೆ ಸೊಪ್ಪು ಮುರೀಬೇಕು. ಪ್ಲಾಸ್ಟಿಕ್ ಹೊದಿಕೆ, ಕೈಗವಸು, ಉದ್ದ ತೋಳಿನ ಅಂಗಿ ಹಾಕಬೇಕು. ಬಟ್ಟೆ ಒದ್ದೆಯಾದ್ರೆ ಕೂಡಲೇ ಬದಲಾಯಿಸಿ ಸೋಪು ಹಾಕಿ ಮೈ ತೊಳೀಬೇಕು. ಮಕ್ಕಳು, ಬಸುರಿಯರು ಆ ಕೆಲಸಕ್ಕೆ ಹೋಗಲೇಬಾರದು.

ಬ್ಯಾರನ್‌ನ ಸೌದೆ ಹೊಗೆ ಇನ್ನೊಂದು ಕಥೆ. ಒಂದು ಸಲ ಸೊಪ್ಪು ಏರಿಸಿದ್ರೆ ಐದಾರು ದಿನ ಹಗಲು ರಾತ್ರಿ ಬೆಂಕಿ ಕಾಯಬೇಕು. ಹೊಗೆ ಅಲರ್ಜಿಯ ಮೂಲ ಅಲ್ಲ, ಆದರೆ ಮೊದಲೇ ಕೆರಳಿದ ಮೂಗು, ಶ್ವಾಸಕೋಶಕ್ಕೆ ಅದು ಉರಿಯೋ ಗಾಯಕ್ಕೆ ಉಪ್ಪು ಸುರಿದ ಹಾಗೆ. ಉಬ್ಬಸ ಇರೋರನ್ನ ಬೆಂಕಿ ಕಾಯೋಕೆ ಕೂರಿಸಬೇಡಿ. ಗ್ರೇಡಿಂಗ್ ಕಾಲದಲ್ಲಿ ಮನೆ ತುಂಬ ಸೊಪ್ಪಿನ ರಾಶಿ, ಅದರ ಪಕ್ಕದಲ್ಲೇ ಚಾಪೆ ಹಾಸಿ ಮಲಗೋ ಮಕ್ಕಳು. ಆ ಮಕ್ಕಳಿಗೆ ಸೆಪ್ಟೆಂಬರ್‌ನಿಂದ ಜನವರಿವರೆಗೆ ಸೀನು, ಆಮೇಲೆ ತನ್ನಿಂದ ತಾನೇ ವಾಸಿ. ಈ ಲೆಕ್ಕ ಯಾರಾದರೂ ಬರೆದಿಟ್ಟಿದ್ರೆ ಕಾರಣ ಮೊದಲ ವರ್ಷವೇ ಸಿಗ್ತಿತ್ತು. ಒಂದು ಕೋಣೆಯನ್ನಾದರೂ ಸೊಪ್ಪಿಲ್ಲದೆ ಬಿಡಿ. ಮಕ್ಕಳು ಅಲ್ಲಿ ಮಲಗಲಿ. ರಾಗಿ ಒಕ್ಕಣೆಯ ಕಣ, ಕೆ.ಆರ್. ನಗರದ ಕಡೆ ಭತ್ತದ ಒಕ್ಕಣೆ, ಅಕ್ಕಿ ಗಿರಣಿಯ ತೌಡಿನ ಧೂಳು, ಇವಕ್ಕೂ ಇದೇ ಮಾತು. ಮೂಗು ಬಾಯಿಗೆ ಒಳ್ಳೆ ಮಾಸ್ಕ್ ಹಾಕಿ. ಕೊರೊನಾ ಕಾಲದಲ್ಲಿ ಕಲಿತ ಅಭ್ಯಾಸ ಕಣದಲ್ಲಿ ಉಪಯೋಗಕ್ಕೆ ಬರಲಿ.

ಮೂರನೆಯ ಅನುಮಾನ ಮನೆಯೊಳಗಿನದು. ವರ್ಷಪೂರ್ತಿ, ಬೆಳಿಗ್ಗೆ ಎದ್ದ ಕೂಡಲೇ ಸೀನು ಅಂದ್ರೆ ಹಾಸಿಗೆ ನೋಡಿ. ಕಣ್ಣಿಗೆ ಕಾಣದ ಧೂಳಿನ ನುಸಿ ಹಾಸಿಗೆ, ದಿಂಬು, ಕಂಬಳಿಯಲ್ಲಿ ಬದುಕುತ್ತೆ. ನಮ್ಮ ಮೈಯಿಂದ ಉದುರೋ ಚರ್ಮದ ಹುಡಿಯೇ ಅದರ ಊಟ. ಮಳೆಗಾಲದ ತೇವದಲ್ಲಿ ಹೆಚ್ಚುತ್ತೆ, ಒಣ ಬಿಸಿಲಿಗೆ ಸಾಯುತ್ತೆ. ವಾರಕ್ಕೊಮ್ಮೆ ಹೊದಿಕೆ, ದಿಂಬಿನ ಚೀಲಗಳನ್ನು ಬಿಸಿ ನೀರಲ್ಲಿ ಒಗೆದು, ಹಾಸಿಗೆಯನ್ನು ಬಿಸಿಲಿಗೆ ಹಾಕಿ. ಗೋಡೆ ಬೂಸ್ಟು ಹಿಡಿದಿದ್ರೆ ಸುಣ್ಣ ಬಳಿಯೋ ಮೊದಲು ನೀರು ಎಲ್ಲಿಂದ ಇಳೀತಿದೆ ಅಂತ ನೋಡಿ. ಇನ್ನು ಸೊಳ್ಳೆ ಬತ್ತಿ. ಕಿಟಕಿ ಮುಚ್ಚಿ, ಮಂಚದ ಕೆಳಗೆ ಬತ್ತಿ ಹಚ್ಚಿ ಮಲಗ್ತೀವಿ. ಒಂದು ಸೊಳ್ಳೆ ಬತ್ತಿ ಪೂರ್ತಿ ಉರಿದರೆ ಬಿಡೋ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟಿನಷ್ಟು ಅಂತ 2003ರ ಒಂದು ಅಧ್ಯಯನ ಲೆಕ್ಕ ಹಾಕಿದೆ. ಅದಕ್ಕಿಂತ ಸೊಳ್ಳೆ ಪರದೆ ಕಟ್ಟಿ ಮಲಗೋದು ಎಷ್ಟೋ ಮೇಲು.

ಇಷ್ಟು ಅನುಮಾನಿತರಲ್ಲಿ ನಿಮ್ಮ ಮನೆಯ ಕಳ್ಳ ಯಾರು? ಅದನ್ನು ಟಿವಿಯಲ್ಲಿ ಕೂತು ನಾನು ಹೇಳೋಕಾಗಲ್ಲ. ನೀವೇ ಹಿಡೀಬೇಕು. ಮಕ್ಕಳ ಹಳೇ ನೋಟ್ ಬುಕ್ ಒಂದು ತಗೊಳ್ಳಿ. ನಾಲ್ಕು ಗೆರೆ ಎಳೀರಿ. ದಿನ ಮತ್ತು ಹೊತ್ತು. ಎಲ್ಲಿ ಇದ್ದೆ, ಏನು ಕೆಲಸ ಮಾಡ್ತಿದ್ದೆ. ಏನು ಮುಟ್ಟಿದೆ, ಏನು ತಿಂದೆ. ಮೈಮೇಲೆ ಎಲ್ಲಿ ಬಂತು, ಎಷ್ಟು ಹೊತ್ತು ಇತ್ತು. ನಾಲ್ಕು ವಾರ ಬರೀರಿ. ಓದು ಬರಹ ಬಾರದಿದ್ರೆ ಮೊಮ್ಮಗಳ ಹತ್ತಿರ ಬರೆಸಿ. ಕೆರೆತ ಬಂದ ದಿನದ ಹಿಂದಿನ ಮೂರು ದಿನಗಳನ್ನೂ ಒಟ್ಟಿಗೆ ಓದಿ. ಊರಿಗೆ, ಮದುವೆಗೆ ಅಂತ ಹೊರಗೆ ಹೋದಾಗ ಕಡಿಮೆಯಾಯ್ತಾ? ಅದೇ ದೊಡ್ಡ ಸುಳಿವು.

ಆಮೇಲೆ ಪರೀಕ್ಷೆ. ಒಂದು ಸಲಕ್ಕೆ ಒಂದೇ ಬದಲಾವಣೆ. ಹಾಸಿಗೆ ಬದಲಾಯಿಸಿ, ಸೋಪು ಬದಲಾಯಿಸಿ, ಮೊಟ್ಟೆ ಬಿಟ್ಟು, ಎಲ್ಲವನ್ನೂ ಒಂದೇ ದಿನ ಮಾಡಿದ್ರೆ ಯಾವುದರಿಂದ ಗುಣವಾಯ್ತು ಅಂತ ತಿಳಿಯಲ್ಲ. ಒಂದನ್ನು ಎರಡು ವಾರ ದೂರ ಇಡಿ. ಕಡಿಮೆಯಾದ್ರೆ ಮತ್ತೆ ಹತ್ತಿರ ತಂದು ನೋಡಿ. ಮತ್ತೆ ಬಂದ್ರೆ ಕಳ್ಳ ಸಿಕ್ಕ. ಒಂದು ಎಚ್ಚರಿಕೆ: ತುಟಿ ಊದಿದ, ಉಸಿರು ಕಟ್ಟಿದ ಚರಿತ್ರೆ ಇದ್ದವರು ಈ ಮರುಪರೀಕ್ಷೆಯನ್ನು ಮನೆಯಲ್ಲಿ ಮಾಡಲೇಬಾರದು. ಅದು ಆಸ್ಪತ್ರೆಯಲ್ಲಿ ಆಗೋ ಕೆಲಸ. ಡಾಕ್ಟರ್ ಹತ್ತಿರ ಹೋಗುವಾಗ ಈ ನೋಟ್ ಬುಕ್ ತಗೊಂಡು ಹೋಗಿ. ಚರ್ಮಕ್ಕೆ ಪ್ಯಾಚ್ ಟೆಸ್ಟ್ ಬೇಕಾ, ಸೀನಿಗೆ ಪ್ರಿಕ್ ಟೆಸ್ಟ್ ಬೇಕಾ, ಯಾವ ವಸ್ತುವಿಗೆ ಬೇಕು ಅಂತ ತೀರ್ಮಾನ ಮಾಡೋಕೆ ಅವರಿಗೆ ಇದಕ್ಕಿಂತ ಒಳ್ಳೆ ರಿಪೋರ್ಟ್ ಸಿಗಲ್ಲ.

ಅಲ್ಲಿಯವರೆಗೆ ಮನೆಯಲ್ಲೇ ಸಮಾಧಾನ ಹೇಗೆ? ಹೊಲದಿಂದ ಬಂದವರು ಮೊದಲು ಮುಖ, ಕತ್ತು, ಕೈ ಸೋಪು ಹಾಕಿ ತೊಳೀರಿ. ಹೊಲದ ಬಟ್ಟೆ ಮಲಗೋ ಕೋಣೆಗೆ ಬೇಡ. ಕೆರೆತಕ್ಕೆ ತಣ್ಣೀರು ಬಟ್ಟೆ ಹತ್ತು ನಿಮಿಷ. ಸ್ನಾನ ಸುಡುಬಿಸಿ ನೀರಿನಲ್ಲಿ ಬೇಡ, ಉಗುರುಬೆಚ್ಚಗೆ ಸಾಕು. ಮೈ ಒರೆಸಿದ ಕೂಡಲೇ ಕೊಬ್ಬರಿ ಎಣ್ಣೆ ಹಚ್ಚಿ, ಒಣ ಚರ್ಮ ಬೇಗ ಕೆರಳುತ್ತೆ. ಒಡೆದ ಚರ್ಮಕ್ಕೆ ಬೆಳ್ಳುಳ್ಳಿ ಅರೆದು ಹಚ್ಚಬೇಡಿ, ಸುಟ್ಟ ಗಾಯ ಆಗುತ್ತೆ.

ಮೂಗಿಗೆ ಉಪ್ಪುನೀರು ಒಳ್ಳೇದು. ಕಾಲು ಲೀಟರ್ ನೀರಿಗೆ ಅರ್ಧ ಟೀ ಚಮಚಕ್ಕಿಂತ ಸ್ವಲ್ಪ ಕಡಿಮೆ ಉಪ್ಪು. ಒಂದು ಹೊಳ್ಳೆಯಿಂದ ನಿಧಾನಕ್ಕೆ ಬಿಟ್ಟು ಇನ್ನೊಂದರಿಂದ ಹೊರಗೆ ಹರಿಸೋದು. ಆದರೆ ನೀರು ಕುದಿಸಿ ಆರಿಸಿದ್ದೇ ಆಗಬೇಕು. ನಲ್ಲಿ ನೀರು, ಕೆರೆ ನೀರು ಬೇಡವೇ ಬೇಡ. ನಮ್ಮ ಪಕ್ಕದ ಕೇರಳದಲ್ಲಿ ಮಿದುಳು ತಿನ್ನೋ ಅಮೀಬಾದ ಸುದ್ದಿಯನ್ನ ಇದೇ ಜಾಗದಲ್ಲಿ ಕೂತು ಓದಿದ್ದೀವಲ್ಲ, ಅದು ದೇಹದೊಳಗೆ ಹೋಗೋ ದಾರಿ ಮೂಗೇ.

ಮಾತ್ರೆ ಬೇಡವೇ ಬೇಡ ಅಂತ ನಾನು ಹೇಳ್ತಿಲ್ಲ. ಸೆಟ್ರಿಜಿನ್‌ನಂಥ ಮಾತ್ರೆ ಕಷ್ಟದ ದಿನಗಳಿಗೆ ನೆರವು. ಆದರೆ ಅದು ನಿದ್ದೆ ತರಿಸುತ್ತೆ. ನುಂಗಿ ಬೈಕ್ ಓಡಿಸಬೇಡಿ, ಬ್ಯಾರನ್ ಬೆಂಕಿ ಮುಂದೆ ಕೂರಬೇಡಿ. ನಿಜವಾದ ಅಪಾಯ ಬೇರೆ ಕಡೆ ಇದೆ. ಅಂಗಡಿಯಲ್ಲಿ ಬಿಡಿಯಾಗಿ ಕೊಡೋ ಸಣ್ಣ ಬಿಳಿ ಮಾತ್ರೆ, "ಒಂದೇ ಇಂಜೆಕ್ಷನ್‌ಗೆ ಎಲ್ಲ ಹೋಗುತ್ತೆ" ಅಂತ ಚುಚ್ಚೋ ಔಷಧಿ, ಆ ಟ್ಯೂಬು, ಇವುಗಳಲ್ಲಿ ಎಷ್ಟೋ ಸಲ ಇರೋದು ಸ್ಟಿರಾಯ್ಡ್. ಹಚ್ಚಿದ ಎರಡೇ ದಿನಕ್ಕೆ ಕೆರೆತ ಮಾಯ, ಅದಕ್ಕೇ ಜನ ನಂಬ್ತಾರೆ. ತಿಂಗಳುಗಟ್ಟಲೆ ಹಚ್ಚಿದ್ರೆ ಚರ್ಮ ಕಾಗದದ ಹಾಗೆ ತೆಳ್ಳಗಾಗುತ್ತೆ, ಮುಖದ ಮೇಲೆ ಕೂದಲು, ಮೊಡವೆ ಬರುತ್ತೆ, ಹುಳುಕಡ್ಡಿ ಇದ್ದರೆ ಮೈತುಂಬ ಹಬ್ಬುತ್ತೆ. ದಿನಾ ನುಂಗಿದ್ರೆ ಸಕ್ಕರೆ ಏರುತ್ತೆ, ಮೂಳೆ ಸವೆಯುತ್ತೆ, ಇದ್ದಕ್ಕಿದ್ದ ಹಾಗೆ ನಿಲ್ಲಿಸಿದ್ರೂ ಅಪಾಯ. ಇಂಥ ಹಲವು ಕ್ರೀಮುಗಳನ್ನು ಚೀಟಿ ಇಲ್ಲದೆ ಮಾರಬಾರದು ಅಂತ ಕೇಂದ್ರ ಸರ್ಕಾರ 2018ರಲ್ಲೇ ಆದೇಶ ಮಾಡಿದೆ. ಸ್ಟಿರಾಯ್ಡ್ ಕೆಟ್ಟದ್ದಲ್ಲ, ಡಾಕ್ಟರ್ ಹೇಳಿದಷ್ಟು ದಿನ ಹೇಳಿದ ಪ್ರಮಾಣದಲ್ಲಿ ತಗೊಂಡ್ರೆ ಒಳ್ಳೆ ಔಷಧಿ. ಉಬ್ಬಸದವರ ಇನ್‌ಹೇಲರ್ ಬಗ್ಗೆ ಇರೋ ಭಯವೂ ಬೇಡ. ಅದು ಚಟ ಆಗಲ್ಲ, ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ.

ಇನ್ನೊಂದು ಮಾತನ್ನು ಗೋಡೆ ಮೇಲೆ ಬರೆದಿಟ್ಟುಕೊಳ್ಳಿ. ಔಷಧಿ ತಗೊಂಡ, ಏನೋ ತಿಂದ, ಜೇನುಹುಳ ಕಚ್ಚಿದ ಸ್ವಲ್ಪ ಹೊತ್ತಿಗೆ ತುಟಿ, ನಾಲಿಗೆ ಊದಿದ್ರೆ, ಉಸಿರು ಎಳೆಯೋಕೆ ಕಷ್ಟವಾದ್ರೆ, ತಲೆ ತಿರುಗಿ ಬಿದ್ರೆ ಮಜ್ಜಿಗೆ ಕುಡಿಸುತ್ತಾ ಕೂರಬೇಡಿ. ಮಲಗಿಸಿ ಕಾಲು ಎತ್ತರಕ್ಕೆ ಇಡಿ, ಉಸಿರಾಟಕ್ಕೆ ಕಷ್ಟವಿದ್ರೆ ಒರಗಿಸಿ ಕೂರಿಸಿ. 108ಕ್ಕೆ ಫೋನ್ ಮಾಡಿ. ಆ ಹೊತ್ತಿಗೆ ಜೀವ ಉಳಿಸೋದು ಅಡ್ರಿನಲಿನ್ ಇಂಜೆಕ್ಷನ್. ಕಾಡಂಚಿನ ಹಾಡಿಗಳಿಂದ ಆಸ್ಪತ್ರೆಗೆ ದಾರಿ ದೂರ, ಅಲ್ಲಿ ಹತ್ತು ನಿಮಿಷ ತಡ ಮಾಡೋದೂ ದುಬಾರಿ.

ಕೊನೆಯದಾಗಿ, ಇದನ್ನೆಲ್ಲ ಒಂದು ಮನೆಯವರೇ ಮಾಡಿ ಮುಗಿಸೋಕಾಗುತ್ತಾ? ಹಾಸಿಗೆ ಬಿಸಿಲಿಗೆ ಹಾಕೋದು ನಮ್ಮ ಕೈಲಿದೆ. ರಸ್ತೆ ಬದಿಯ ಕಾಂಗ್ರೆಸ್ ಗಿಡ ಒಬ್ಬರ ಕೈಲಿಲ್ಲ. ಮುಂಗಾರಿನ ಮೊದಲ ಮಳೆ ಬಿದ್ದು ನೆಲ ಮೆತ್ತಗಾದಾಗ, ಬಿಳಿ ಹೂ ಬಿಡೋಕೆ ಮುಂಚೆ ಅದನ್ನು ಬುಡಸಮೇತ ಕೀಳಬೇಕು. ಕೈಗವಸು ಹಾಕಿ ಕೀಳಬೇಕು, ಅಲರ್ಜಿ ಇದ್ದವರು ಆ ಕೆಲಸಕ್ಕೆ ಹೋಗಬಾರದು. ಬೆಳೆ ಇಲ್ಲದ ಜಾಗದಲ್ಲಿ ಲೀಟರ್ ನೀರಿಗೆ 200 ಗ್ರಾಂ ಅಡುಗೆ ಉಪ್ಪು ಕರಗಿಸಿ ಸಿಂಪಡಿಸಿದ್ರೂ ಗಿಡ ಒಣಗುತ್ತೆ. ಹೂ ಬಿಟ್ಟ ಮೇಲೆ ಮಚ್ಚಿನಲ್ಲಿ ಸವರಿ ಅಲ್ಲೇ ಒಣಗೋಕೆ ಬಿಟ್ರೆ, ಬೀಜವೂ ಉದುರುತ್ತೆ, ಪುಡಿಯೂ ಹಾರುತ್ತೆ. ಪಂಚಾಯ್ತಿಗಳು ಈ ಕೆಲಸವನ್ನು ಜೂನ್ ತಿಂಗಳಲ್ಲಿ ಮಾಡಿಸಬೇಕು, ಅಕ್ಟೋಬರ್‌ನಲ್ಲಿ ಅಲ್ಲ. ಶಾಲೆ ಆವರಣದಿಂದ ಶುರು ಮಾಡಲಿ.

ತಂಬಾಕು ಮಂಡಳಿ 1976ರಲ್ಲಿ ಹುಟ್ಟಿತು. ಹರಾಜು ಕಟ್ಟೆಯಲ್ಲಿ ಪ್ರತಿಯೊಂದು ಬೇಲಿನ ತೂಕ ಬರೀತಾರೆ, ಗ್ರೇಡ್ ಬರೀತಾರೆ, ಕಿಲೋಗೆ ಎಷ್ಟು ರೂಪಾಯಿ ಅಂತ ಬರೀತಾರೆ. ಆ ಸೊಪ್ಪನ್ನು ಮುರಿದ ಕೈಗಳ ಚರ್ಮ ಹೇಗಿದೆ, ಕಡ್ಡಿಗೆ ಕಟ್ಟಿದ ಹೆಣ್ಣುಮಗಳಿಗೆ ಉಸಿರು ಹೇಗಿದೆ ಅಂತ ಬರೆಯೋ ಒಂದು ಪುಸ್ತಕವನ್ನೂ ಇಡಬಹುದಲ್ಲ? ಸೊಪ್ಪು ಮುರಿಯೋ ಜುಲೈ ತಿಂಗಳಲ್ಲಿ ಹಳ್ಳಿಗೊಂದು ಚರ್ಮ ಮತ್ತು ಶ್ವಾಸಕೋಶದ ತಪಾಸಣೆ, ಕೂಲಿಯವರಿಗೆ ಕೈಗವಸು, ಮಳೆ ಹೊದಿಕೆ. ಕೇಳ್ತಾ ಇರೋದು ಇಷ್ಟೇ. ಗೊಬ್ಬರ ತಲುಪಿಸೋ ವ್ಯವಸ್ಥೆಗೆ ಕೈಗವಸು ತಲುಪಿಸೋದು ಕಷ್ಟ ಏನಲ್ಲ.

ಅವರು ಮಾಡೋವರೆಗೆ ನಾವು ಕಾಯಬೇಕಾಗಿಲ್ಲ. ನಾಳೆ ಬೆಳಿಗ್ಗೆ ನೋಟ್ ಬುಕ್ಕಿಗೆ ಗೆರೆ ಎಳೀರಿ. ನಿಮಗೆ ಏನು ಆಗಲ್ಲ ಅನ್ನೋದು ಯಾವ ಲ್ಯಾಬಿಗಿಂತ ಮೊದಲು ನಿಮ್ಮ ಮೈಗೆ ಗೊತ್ತಿದೆ. ಅದು ಹೇಳ್ತಾನೇ ಇದೆ, ಬರೆದುಕೊಳ್ಳೋರು ಬೇಕು ಅಷ್ಟೇ.